ಸಂಜೆಗೆ ಕೈಮುಗಿಯುವ ಗಿಡ

ಬೆಂಗಳೂರಿಗೆ ಯಾರೇ ನೆಂಟರು ಬರಲಿ, ಅವರನ್ನು ಲಾಲ್‌ಬಾಗಿಗೆ ಕರೆದುಕೊಂಡು ಹೋಗುವ ಕೆಲಸ ನಮ್ಮ ಮನೆಯಲ್ಲಿ ನನ್ನದು. ಹೀಗೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಆದರೆ ಮಂಗಳೂರಿನಿಂದ ಬೇಸಿಗೆ ರಜೆಗೆಂದು ಬಂದ ಒಂಬತ್ತು ವರ್ಷದ ಮೊಮ್ಮಗಳ ಜೊತೆ ಹೋದದ್ದನ್ನು ಮಾತ್ರ ಮರೆಯುವಂತಿಲ್ಲ. ಆ ದಿನ ನಮ್ಮ ಜೊತೆ ಮನೆಗೆ ಬಂದ ಗೇಣುದ್ದದ ಒಂದು ಗಿಡ ನನಗೆ ಕಲಿಸಿದ ಪಾಠವನ್ನು ನಿಮಗೂ ಹೇಳಬೇಕು.

ಮೆಟ್ರೊ ಇಳಿದು ಒಳಗೆ ಹೋದಾಗ ಮಧ್ಯಾಹ್ನ ಮೂರು ಗಂಟೆ. ಮೊದಲು ಬಂಡೆ ಹತ್ತಿದೆವು. ಮೇಲೆ ಕೆಂಪೇಗೌಡರ ಹೆಸರಿನ ಗೋಪುರವಿದೆ. ಈ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು ಎಂದೆ.

"ಅಂದ್ರೆ ಅಜ್ಜನಿಗಿಂತ ದೊಡ್ಡದಾ?" ಎಂದು ಕೇಳಿದಳು.

"ಸ್ವಲ್ಪ ದೊಡ್ಡದು" ಎಂದೆ.

ಅಲ್ಲಿಂದ ಇಳಿದು ಗಾಜಿನ ಮನೆಯ ಮುಂದೆ ಕುಳಿತೆವು. 1760ರಲ್ಲಿ ಹೈದರ್ ಅಲಿ ಈ ತೋಟಕ್ಕೆ ಮೊದಲು ಮಾಡಿದ್ದು, ಆಮೇಲೆ ಟಿಪ್ಪು ದೂರದ ದೇಶಗಳಿಂದ ಗಿಡ, ಬೀಜ ತರಿಸಿದ್ದು, 1889ರಲ್ಲಿ ಗಾಜಿನ ಮನೆಗೆ ಶಂಕುಸ್ಥಾಪನೆ ಆದದ್ದು, ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಎಂಬ ಕಟ್ಟಡ ಇದಕ್ಕೆ ಮಾದರಿಯಾದದ್ದು, ಎಲ್ಲವನ್ನೂ ಹೇಳಿದೆ.

"ಗಿಡಕ್ಕೆ ಗಾಜಿನ ಮನೆ ಎಂತಕ್ಕೆ ಅಜ್ಜ?"

ಒಳ್ಳೆಯ ಪ್ರಶ್ನೆ. ಚಳಿ ದೇಶಗಳಲ್ಲಿ ಹಿಮ ಬಿದ್ದರೆ ನಮ್ಮಂಥ ಬೆಚ್ಚನೆಯ ನಾಡಿನ ಗಿಡಗಳು ಸತ್ತೇ ಹೋಗುತ್ತವೆ. ಅವನ್ನು ಉಳಿಸಿಕೊಳ್ಳಲು ಅಲ್ಲಿಯವರು ಗಾಜಿನ ಮನೆ ಕಟ್ಟಿದರು. ಬೆಂಗಳೂರಿನಲ್ಲಿ ಗಿಡಗಳಿಗೆ ಅಂಥ ಭಯವಿಲ್ಲ. ಹಾಗಾಗಿ ಇಲ್ಲಿ ಗಾಜಿನ ಮನೆ ಜನವರಿ ಮತ್ತು ಆಗಸ್ಟ್ ತಿಂಗಳ ಫಲಪುಷ್ಪ ಪ್ರದರ್ಶನಕ್ಕೆ ಮನೆಯಾಗಿದೆ. "ಪ್ರತಿ ಗಿಡಕ್ಕೂ ಒಂದು ತವರು ಇರುತ್ತದೆ. ಆ ತವರಿನ ಹವೆ ನೆನಪಿಟ್ಟುಕೊಂಡು ಸಾಕಿದರೆ ಬದುಕುತ್ತದೆ" ಎಂದು ದೊಡ್ಡ ಮೇಷ್ಟರ ಹಾಗೆ ಹೇಳಿದೆ. ಹೇಳುವುದು ಸುಲಭ ಎಂದು ಆಮೇಲೆ ಗೊತ್ತಾಯಿತು.

ಸಿದ್ದಾಪುರದ ಸಾಲು

ಲಾಲ್‌ಬಾಗಿನ ಪಕ್ಕದ ಸಿದ್ದಾಪುರದಲ್ಲಿ ನರ್ಸರಿಗಳ ಸಾಲೇ ಇದೆ. ಮನೆಗೆ ತುಳಸಿ ಬೇಕಾದರೂ, ಮದುವೆ ಚಪ್ಪರದ ಅಲಂಕಾರಕ್ಕೆ ಕುಂಡಗಳು ಬೇಕಾದರೂ ಜನ ಅಲ್ಲಿಗೆ ಬರುತ್ತಾರೆ. ಮೇಲೆ ಹಸಿರು ನೆರಳು ಬಲೆ, ಕೆಳಗೆ ಕಪ್ಪು ಪ್ಲಾಸ್ಟಿಕ್ ಚೀಲಗಳಲ್ಲಿ ಸಾವಿರಾರು ಸಸಿ. ನಡುವೆ ಒಬ್ಬರು ಹೋಗುವಷ್ಟು ದಾರಿ. ಕಾಲಿಗೆ ಕೆಮ್ಮಣ್ಣು ಮೆತ್ತಿಕೊಳ್ಳುತ್ತದೆ. ಗೊಬ್ಬರ, ಒದ್ದೆ ತೆಂಗಿನ ನಾರಿನ ಪುಡಿ, ಮಲ್ಲಿಗೆ ಎಲ್ಲ ಸೇರಿದ ವಾಸನೆ.

ನಾವು ಅಲ್ಲಿ ತಲಪಿದಾಗ ಸಂಜೆ ಆರೂವರೆ. ಬೆಳಕು ಇಳಿಯುತ್ತಿತ್ತು. ನಾನು ಕರಿಬೇವಿನ ಸಸಿಯ ಬೆಲೆ ಕೇಳುತ್ತಿದ್ದೆ. ಅಷ್ಟರಲ್ಲಿ ಮೂಲೆಯಿಂದ ಅವಳ ಕೂಗು:

"ಅಜ್ಜ, ಬೇಗ ಬನ್ನಿ! ಇದು ನಮಸ್ಕಾರ ಮಾಡ್ತಾ ಉಂಟು!"

ಹೋಗಿ ನೋಡಿದರೆ ನೆಲದ ಮೇಲೆ ಒಂದು ಸಾಲು ಪುಟ್ಟ ಕುಂಡಗಳು. ಪ್ರತಿ ಕುಂಡದಲ್ಲೂ ಅಂಗೈಯಷ್ಟು ಅಗಲದ ಎಲೆಗಳು ಎರಡೆರಡಾಗಿ ಮೇಲಕ್ಕೆದ್ದು, ಒಂದಕ್ಕೊಂದು ಮುಖ ಮಾಡಿ ನಿಂತಿದ್ದವು. ನಿಜಕ್ಕೂ ಯಾರೋ ಕೈ ಜೋಡಿಸಿದ ಹಾಗೆ! ಒಂದೆಲೆಯನ್ನು ಮೆಲ್ಲಗೆ ಬಗ್ಗಿಸಿ ನೋಡಿದೆವು. ತಿಳಿ ಹಸಿರು ಎಲೆ. ನಡುವಿನ ನರದ ಎಡಕ್ಕೂ ಬಲಕ್ಕೂ ಸಾಲಾಗಿ ಕಡು ಕಂದು ಮಚ್ಚೆಗಳು.

ನರ್ಸರಿ ನೋಡಿಕೊಳ್ಳುವ ಹೆಂಗಸು ನಗುತ್ತ ಬಂದರು. "ಅದು ಮರಾಂಟಾ ಪುಟ್ಟಿ. ಆ ಮಚ್ಚೆ ನೋಡು, ಮೊಲ ನಡಕೊಂಡು ಹೋದಂಗಿಲ್ವಾ? ಮೊಲದ ಹೆಜ್ಜೆ ಅಂತಾರೆ. ಸಂಜೆ ಆದ್ರೆ ಎಲೆ ಎತ್ತತ್ತೆ, ಬೆಳಿಗ್ಗೆ ಮತ್ತೆ ಹಾಸತ್ತೆ."

ಅಷ್ಟು ಸಾಕಾಯಿತು. ಕರಿಬೇವು ಅಲ್ಲೇ ಉಳಿಯಿತು. 120 ರೂಪಾಯಿ ಕೊಟ್ಟು ಏಳು ಎಲೆಗಳ ಒಂದು ಮರಾಂಟಾ ಕೊಂಡೆವು. "ಬಿಸಿಲಿಗೆ ಇಡಬೇಡಿ ಸಾರ್, ಬೆಳಕಿಗೆ ಇಡಿ. ನೀರು ನೋಡ್ಕೊಂಡು ಹಾಕಿ" ಎಂದು ಆಕೆ ಹೇಳಿದ್ದಕ್ಕೆ ತಲೆಯಾಡಿಸಿದೆ. ಕಿವಿಗೆ ಬಿದ್ದದ್ದು "ನೀರು ಹಾಕಿ" ಎಂಬುದು ಮಾತ್ರ.

ಮನೆಗೆ ಬರುವ ದಾರಿಯಲ್ಲಿ ರಸ್ತೆ ಬದಿಯ ದೊಡ್ಡ ಮಳೆಮರ ತೋರಿಸಿದೆ. ಅದರ ಪುಟ್ಟ ಎಲೆಗಳೂ ಮಡಚಿಕೊಂಡಿದ್ದವು. ಹುಣಿಸೆಯೂ ಹಾಗೆಯೇ, ನಾಚಿಕೆ ಮುಳ್ಳೂ ಹಾಗೆಯೇ ಎಂದೆ. "ಹಾಗಾದ್ರೆ ಬೆಂಗಳೂರಿಡೀ ಮಲಗಿದೆ!" ಎಂದು ಅವಳು ಪಿಸುಗುಟ್ಟಿದಳು, ಮರಗಳಿಗೆ ಎಚ್ಚರವಾದೀತು ಎಂಬ ಹಾಗೆ.

ಏಳು ಎಲೆಗಳ ಲೆಕ್ಕ

ನಮ್ಮದು ಮೂರನೇ ಮಹಡಿಯ ಮನೆ. ಅಡುಗೆಮನೆಯ ಕಿಟಕಿ ಪೂರ್ವಕ್ಕಿದೆ. ಅದರಿಂದ ಎರಡು ಅಡಿ ಈಚೆಗೆ ಒಂದು ಸ್ಟೂಲಿನ ಮೇಲೆ ಗಿಡ ಕುಳಿತಿತು. ಮರುದಿನ ಬೆಳಿಗ್ಗೆ ಐದೂವರೆಗೇ ಮೊಮ್ಮಗಳು ಎದ್ದು ಅದರ ಮುಂದೆ ಕುಳಿತಿದ್ದಳು. ಶಾಲೆಗೆ ಎಬ್ಬಿಸಲು ಅವಳ ಅಮ್ಮ ದಿನಾ ಪಡುವ ಕಷ್ಟ ನನಗೆ ಗೊತ್ತು! ಬೆಳಕು ಹರಿದಂತೆ ಎಲೆಗಳು ನಿಧಾನವಾಗಿ ಕೆಳಗಿಳಿದವು. ನೋಡುತ್ತಿದ್ದರೆ ಅಲುಗಿದ್ದು ಕಾಣುವುದಿಲ್ಲ. ಕಾಫಿ ಕುಡಿದು ಬಂದು ನೋಡಿದರೆ ಬದಲಾಗಿರುತ್ತದೆ.

ಆಕೆ ಒಂದು ನೋಟ್‌ಬುಕ್ ಮಾಡಿದಳು. ಪುಟಕ್ಕೊಂದು ಎಲೆ. ಒಂದರಿಂದ ಏಳರವರೆಗೆ ನಂಬರು. ಪ್ರತಿ ಎಲೆಯಲ್ಲಿ ಎಷ್ಟು ಹೆಜ್ಜೆಗಳಿವೆ ಎಂದು ಎಣಿಸಿ ಬರೆದಳು. ಹೊರಡುವ ದಿನ ನನ್ನ ಕೈ ಹಿಡಿದು ಹೇಳಿದಳು: "ದಸರಾ ರಜೆಗೆ ಎಲ್ಲರೂ ಪುತ್ತೂರಿನ ಮನೆಗೆ ಹೋಗ್ತೇವಲ್ಲ ಅಜ್ಜ, ಆಗ ಇದನ್ನೂ ತರಬೇಕು. ಅಲ್ಲಿಯವರೆಗೆ ನೀವೇ ನೋಡ್ಕೊಳ್ಳಬೇಕು."

"ಆಯ್ತು ಮಗಾ" ಎಂದೆ.

ಮಕ್ಕಳೇ, ಮುಂದಿನದನ್ನು ಹೇಳಲು ನನಗೆ ನಾಚಿಕೆ. ಆದರೂ ಹೇಳುತ್ತೇನೆ.

ಗಿಡವನ್ನು ಚೆನ್ನಾಗಿ ನೋಡಿಕೊಳ್ಳುವುದೆಂದರೆ ಚೆನ್ನಾಗಿ ನೀರು ಹಾಕುವುದು ಎಂದೇ ನಾನು ತಿಳಿದಿದ್ದೆ. ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ಯಾವಾಗಲೂ ನಿಂತಿರುತ್ತಿತ್ತು. ಜೂನ್ ಬಂತು, ಮೋಡ ಕವಿಯಿತು, ಮಣ್ಣು ಒಣಗುವುದೇ ನಿಂತಿತು. ನನ್ನ ಲೋಟ ನಿಲ್ಲಲಿಲ್ಲ. ಒಂದೊಂದೇ ಎಲೆ ಹಳದಿಯಾಗತೊಡಗಿತು. ಎಲೆಯ ತುದಿಗಳು ಕಂದಾಗಿ ಮುರುಟಿದವು. ಬಾಯಾರಿಕೆ ಇರಬೇಕೆಂದು ಇನ್ನಷ್ಟು ನೀರು ಹಾಕಿದೆ! ಆಮೇಲೆ ಬಿಸಿಲು ಸಾಲದೇನೋ ಎಂದು ಬಾಲ್ಕನಿಯಲ್ಲಿಟ್ಟೆ. ಮೋಡ ಸರಿದ ಎರಡೇ ದಿನಗಳಲ್ಲಿ ಉಳಿದ ಎಲೆಗಳ ಹಸಿರು ತೊಳೆದು ಹೋದ ಹಾಗೆ ಪೇಲವವಾಯಿತು. ಸಂಜೆ ಹೊತ್ತು ಎಲೆ ಎತ್ತುವುದನ್ನೂ ಗಿಡ ಬಿಟ್ಟಿತು.

ವಾರಕ್ಕೊಮ್ಮೆ ಫೋನ್ ಬರುತ್ತಿತ್ತು. "ಗಿಡ ಹೇಗುಂಟು ಅಜ್ಜ?"

"ಚೆನ್ನಾಗುಂಟು ಮಗಾ." ಇದು ಮೊದಲನೆಯ ಸುಳ್ಳು.

"ಒಂದು ಫೋಟೋ ಕಳಿಸಿ."

"ಮೊಬೈಲಿನ ಕ್ಯಾಮರಾ ಸರಿ ಇಲ್ಲ." ಇದು ಎರಡನೆಯದು.

ಫೋನ್ ಇಟ್ಟಾಗ ನನ್ನಾಕೆ ಅಕ್ಕಿ ಆರಿಸುತ್ತಲೇ ಹೇಳಿದಳು: "ಎಪ್ಪತ್ತನೇ ವರ್ಷಕ್ಕೆ ಒಳ್ಳೆಯ ವಿದ್ಯೆ ಕಲಿತಿರಿ."

ಎರಡನೇ ಸಲ ಸಿದ್ದಾಪುರಕ್ಕೆ

ಆಗಸ್ಟ್ ಮಧ್ಯದ ಹೊತ್ತಿಗೆ ಏಳರಲ್ಲಿ ಎರಡು ಎಲೆ ಉಳಿದಿತ್ತು. ನಾನೊಂದು ಉಪಾಯ ಹುಡುಕಿದೆ. ಅದೇ ನರ್ಸರಿಗೆ ಹೋಗುವುದು, ಏಳು ಎಲೆಗಳಿರುವ ಅಂಥದೇ ಗಿಡ ತರುವುದು, ಹಳೆಯ ಕುಂಡದಲ್ಲಿ ನೆಡುವುದು. ಮಗುವಿಗೆ ಹೇಗೆ ಗೊತ್ತಾಗಬೇಕು?

ಲಾಲ್‌ಬಾಗಿನಲ್ಲಿ ಸ್ವಾತಂತ್ರ್ಯ ದಿನದ ಫಲಪುಷ್ಪ ಪ್ರದರ್ಶನ ನಡೆಯುತ್ತಿತ್ತು. ಸುತ್ತಲಿನ ರಸ್ತೆಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಜೋಳ ಸುಡುವವರು, ಬಲೂನು ಮಾರುವವರು, ಅಪ್ಪನ ಹೆಗಲ ಮೇಲೆ ಕುಳಿತ ಮಕ್ಕಳು. ಎಲ್ಲರೂ ಹೂವು ನೋಡಲು ಒಳಗೆ ಹೋಗುತ್ತಿದ್ದರೆ ನಾನೊಬ್ಬ ಕಳ್ಳನ ಹಾಗೆ ಸಿದ್ದಾಪುರದ ಕಡೆ ತಿರುಗಿದೆ.

ಆ ಹೆಂಗಸು ಗುರುತು ಹಿಡಿದರು. "ಮೊಮ್ಮಗಳ ಜೊತೆ ಬಂದಿದ್ರಲ್ಲ ಸಾರ್. ಆ ಗಿಡ ಏನಾಯ್ತು?"

ಆಕೆಯ ಮುಂದೆ ಸುಳ್ಳು ಹೇಳಲಾಗಲಿಲ್ಲ. ಎಲ್ಲವನ್ನೂ ಹೇಳಿದೆ.

"ಇನ್ನೊಂದು ಕೊಡೋದೇನು ದೊಡ್ಡದಲ್ಲ ಸಾರ್, ನಂಗೆ ವ್ಯಾಪಾರ" ಎಂದರು ಆಕೆ. "ಆದ್ರೆ ನೀವು ಹಿಂಗೇ ನೀರು ಹುಯ್ದರೆ ಇದೂ ಎರಡು ತಿಂಗಳಿಗೆ ಹೋಗತ್ತೆ. ಬೇರಿಗೂ ಗಾಳಿ ಬೇಕಲ್ಲ? ಸದಾ ಕೆಸರಲ್ಲಿ ನಿಂತ್ರೆ ಉಸಿರು ಕಟ್ಟಿ ಕೊಳೀತದೆ. ಬೇರು ಕೊಳೆತ ಮೇಲೆ ನೀರಿದ್ರೂ ಕುಡಿಯಕ್ಕೆ ಆಗಲ್ಲ. ಅದಕ್ಕೇ ಎಲೆ ಬಾಡತ್ತೆ. ನೀವು ಬಾಯಾರಿಕೆ ಅಂದ್ಕೊಂಡು ಇನ್ನೂ ಹುಯ್ತೀರಿ."

ಆಮೇಲೆ ಪಕ್ಕದ ಕುಂಡವನ್ನೆತ್ತಿ ಕಾಂಡದ ಮೇಲೆ ಒಂದು ಉಬ್ಬು ತೋರಿಸಿದರು. "ಕಬ್ಬಿಗೆ ಗೆಣ್ಣು ಇರತ್ತಲ್ಲ, ಇದಕ್ಕೂ ಹಂಗೇ. ಮನೇಲಿರೋದ್ರಲ್ಲಿ ಒಂದು ಗೆಣ್ಣು ಗಟ್ಟಿಯಾಗಿ ಹಸಿರಾಗಿದ್ರೆ ಸಾಕು. ಅದರ ಕೆಳಗೆ ಕತ್ತರಿಸಿ ನೀರಲ್ಲಿಡಿ. ಗೆಣ್ಣು ನೀರೊಳಗೆ, ಎಲೆ ಹೊರಗೆ. ಬೋರ್‌ವೆಲ್ ನೀರು ಬೇಡ, ಮಳೆ ನೀರು ಹಿಡ್ಕೊಳ್ಳಿ. ಹೋಗಿ ನೋಡಿ, ಆಗಲಿಲ್ಲ ಅಂದ್ರೆ ಬನ್ನಿ."

ನಾನು ಬರಿಗೈಯಲ್ಲಿ ಮನೆಗೆ ಬಂದೆ. ಹಳೆ ಪೇಪರ್ ಹಾಸಿ ಕುಂಡ ಬಗ್ಗಿಸಿದೆ. ಹುಳಿ ವಾಸನೆ ಬಂತು. ಬೇರುಗಳು ಕಪ್ಪಾಗಿ, ಮುಟ್ಟಿದರೆ ಕೈಗೆ ಮೆತ್ತಿಕೊಳ್ಳುತ್ತಿದ್ದವು. ಆದರೆ ಒಂದು ಕಾಂಡ ಗಟ್ಟಿಯಾಗಿತ್ತು. ಅದರಲ್ಲೇ ಆ ಎರಡು ಎಲೆಗಳು. ಕತ್ತರಿಯನ್ನು ಬಿಸಿನೀರಲ್ಲಿ ತೊಳೆದು, ಗೆಣ್ಣಿನ ಕೆಳಗೆ ಕತ್ತರಿಸಿ, ಹಾರ್ಲಿಕ್ಸ್ ಬಾಟಲಿಯಲ್ಲಿ ಮಳೆ ನೀರು ತುಂಬಿ ಇಟ್ಟೆ.

ಅಂದು ರಾತ್ರಿ ನಾನೇ ಮಂಗಳೂರಿಗೆ ಫೋನ್ ಮಾಡಿದೆ.

"ಪುಟ್ಟಿ, ಗಿಡ ಚೆನ್ನಾಗಿಲ್ಲ. ನಾನು ನೀರು ಜಾಸ್ತಿ ಹಾಕಿ ಹಾಳು ಮಾಡಿದೆ. ಆಮೇಲೆ ನಿನ್ನ ಹತ್ತಿರ ಸುಳ್ಳು ಹೇಳಿದೆ."

ಆ ಕಡೆ ಮಾತಿಲ್ಲ. ಸ್ವಲ್ಪ ಹೊತ್ತಿನ ನಂತರ ಮೂಗು ಎಳೆದುಕೊಂಡ ಸದ್ದು. ಮತ್ತೆ ಪುಟ ತಿರುಗಿಸುವ ಸದ್ದು.

"ಯಾವ ಎಲೆ ಉಳಿದಿದೆ?"

ನನಗೇನು ಗೊತ್ತು! "ಎರಡುಂಟು" ಎಂದೆ.

"ಹೆಜ್ಜೆ ಎಣಿಸಿ ಹೇಳಿ."

ಕನ್ನಡಕ ಹಾಕಿಕೊಂಡು ಎಣಿಸಿದೆ. ಒಂದರಲ್ಲಿ ಹತ್ತು. ಇನ್ನೊಂದರಲ್ಲಿ ಹನ್ನೊಂದು, ಒಂದು ಬದಿಗೆ ಐದು, ಇನ್ನೊಂದು ಬದಿಗೆ ಆರು.

"ಹನ್ನೊಂದಿರುವುದು ಆರನೇ ನಂಬರು" ಎಂದಳು. "ಅದು ಒಂದಕ್ಕೇ ಹಾಗೆ ಉಂಟು."

ಹೊಸ ಗಿಡ ತಂದು ನೆಟ್ಟಿದ್ದರೆ ಏನಾಗುತ್ತಿತ್ತೆಂದು ನೆನೆದು ನನ್ನ ಬೆನ್ನು ಬೆವರಿತು. ಮೊದಲನೇ ನೋಟಕ್ಕೇ ಸಿಕ್ಕಿಬೀಳುತ್ತಿದ್ದೆ. ಗಿಡ ಸತ್ತದ್ದನ್ನು ಮಗು ಒಂದು ದಿನ ಮರೆತಾಳು. ಅಜ್ಜ ಮೋಸ ಮಾಡಿದ್ದನ್ನು ಮರೆಯುತ್ತಿದ್ದಳೇ?

ಅವಳು ಶಿಕ್ಷೆ ವಿಧಿಸಿದಳು. ಪ್ರತಿ ಭಾನುವಾರ ಎರಡು ಫೋಟೋ ಕಳಿಸಬೇಕು, ಬೆಳಿಗ್ಗೆ ಒಂದು, ಸಂಜೆ ಒಂದು. ಆ ನೆಪದಲ್ಲಿ ನಾನು ದಿನಾ ಎರಡು ಹೊತ್ತು ಗಿಡವನ್ನು ನೋಡತೊಡಗಿದೆ. ಅಲ್ಲಿಯವರೆಗೆ ನೀರು ಹಾಕುತ್ತಿದ್ದೆನೇ ಹೊರತು ಗಿಡವನ್ನು ನೋಡಿರಲೇ ಇಲ್ಲ.

ಹನ್ನೆರಡನೇ ದಿನ ಗೆಣ್ಣಿನ ಬಳಿ ಅಕ್ಕಿಯ ಮೂತಿಯಷ್ಟು ಬಿಳಿ ಚುಕ್ಕೆ ಕಂಡಿತು. ನಾಲ್ಕನೇ ವಾರಕ್ಕೆ ಎರಡಂಗುಲದ ಬೇರುಗಳು. ತೆಂಗಿನ ನಾರಿನ ಪುಡಿ, ಎರೆಗೊಬ್ಬರ, ಸ್ವಲ್ಪ ದಪ್ಪ ಮರಳು ಬೆರೆಸಿ, ತಳಕ್ಕೆ ತೂತಿರುವ ಚಿಕ್ಕ ಕುಂಡದಲ್ಲಿ ನೆಟ್ಟೆ. ಸೆಪ್ಟೆಂಬರ್ ಕೊನೆಯಲ್ಲಿ ಬಾಳೆಯ ಸುಳಿಯ ಹಾಗೆ ಸುರುಳಿ ಸುತ್ತಿದ ಒಂದು ಹೊಸ ಎಲೆ ತಲೆಯೆತ್ತಿತು. ಅದೇ ಸಂಜೆ ಮೂರೂ ಎಲೆಗಳು ಮೇಲೆದ್ದು ಕೈಮುಗಿದವು. ನನ್ನಾಕೆಯನ್ನು ಕೂಗಿ ಕರೆದೆ. ಆಕೆ ನೋಡಿ, "ಈಗ ನೀವು ಮುಗಿಯಿರಿ" ಎಂದಳು.

ಸುರಂಗದಲ್ಲಿ ರಾತ್ರಿಯೇ?

ದಸರಾಕ್ಕೆ ಹಗಲು ರೈಲಿನಲ್ಲಿ ಪುತ್ತೂರಿಗೆ ಹೊರಟೆವು. ಗಿಡ ನನ್ನಾಕೆಯ ತರಕಾರಿ ಬುಟ್ಟಿಯಲ್ಲಿ, ತೊಡೆಯ ಮೇಲೆ. ಸಕಲೇಶಪುರ ದಾಟಿದ ಮೇಲೆ ರೈಲು ನಿಧಾನವಾಯಿತು. ಅಲ್ಲಿಂದ ಸುಬ್ರಹ್ಮಣ್ಯದವರೆಗೆ ಘಟ್ಟ ಇಳಿಯುವ ದಾರಿ. ಒಟ್ಟು 57 ಸುರಂಗಗಳು. ಒಂದು ಬದಿಗೆ ಬಂಡೆಯ ಮೇಲಿಂದ ಇಳಿಯುವ ನೀರು, ಇನ್ನೊಂದು ಬದಿಗೆ ಆಳದ ಕಣಿವೆ.

ಮೊದಲನೇ ಸುರಂಗ ಬಂದು ಕತ್ತಲಾದಾಗ ನನ್ನಾಕೆ ಕೇಳಿದಳು: "ರಾತ್ರಿಯಾಯಿತೆಂದು ಇದು ಎಲೆ ಎತ್ತುತ್ತದೆಯೇ?"

ಸುರಂಗ ಮುಗಿಯಿತು, ಎಲೆ ಎದ್ದಿರಲಿಲ್ಲ. ಹತ್ತು ಸುರಂಗ ಕಳೆದರೂ ಇಲ್ಲ.

ಕೆಲವು ನಿಮಿಷಗಳ ಕತ್ತಲೆಗೆ ಗಿಡ ಮೋಸಹೋಗುವುದಿಲ್ಲ. 1729ರಲ್ಲಿ ಫ್ರಾನ್ಸಿನ ಮೇರಾನ್ ಎಂಬ ವಿಜ್ಞಾನಿಗೂ ಇಂಥದೇ ಕುತೂಹಲ ಹುಟ್ಟಿತ್ತು. ಆತ ನಾಚಿಕೆ ಮುಳ್ಳಿನಂಥ ಒಂದು ಗಿಡವನ್ನು ಪೂರ್ತಿ ಕತ್ತಲೆಯಲ್ಲಿಟ್ಟು ನೋಡಿದ. ಬೆಳಕೇ ಇಲ್ಲದಿದ್ದರೂ ಹಗಲಿನ ಹೊತ್ತಿಗೆ ಅದು ಎಲೆ ಬಿಡಿಸಿತು, ರಾತ್ರಿಯ ಹೊತ್ತಿಗೆ ಮಡಚಿತು. ಅಂದರೆ ಗಿಡದೊಳಗೇ ಒಂದು ಗಡಿಯಾರವಿದೆ. ದಿನದ ಬೆಳಕು ಆ ಗಡಿಯಾರದ ಮುಳ್ಳನ್ನು ಸರಿಪಡಿಸುತ್ತಿರುತ್ತದೆ, ಅಷ್ಟೆ. ಚಾರ್ಲ್ಸ್ ಡಾರ್ವಿನ್ ತನ್ನ ಮಗ ಫ್ರಾನ್ಸಿಸ್‌ನ ನೆರವಿನಿಂದ ಗಿಡಗಳ ಚಲನೆಯ ಬಗ್ಗೆಯೇ 1880ರಲ್ಲಿ ಒಂದು ದೊಡ್ಡ ಪುಸ್ತಕ ಬರೆದ. ರಾತ್ರಿ ಮಲಗುವ ಗಿಡಗಳ ಸಾಲಿನಲ್ಲಿ ಮರಾಂಟಾ ಕುಲವೂ ಅದರಲ್ಲಿದೆ.

ಕಿಟಕಿಯಾಚೆ ನೋಡುತ್ತಿದ್ದೆ. ಎತ್ತರದ ಮರಗಳು, ಅವುಗಳ ಕೆಳಗೆ ತೇವದ ನೆಲದಲ್ಲಿ ಅಗಲ ಎಲೆಯ ಚಿಕ್ಕ ಗಿಡಗಳು. ನಮ್ಮ ಮರಾಂಟಾದ ತವರು ಬ್ರೆಜಿಲ್ ದೇಶದ ಕಾಡು. ಅಲ್ಲೂ ಅದು ಹೀಗೆಯೇ ಮರಗಳ ಬುಡದಲ್ಲಿ ಬೆಳೆಯುವ ಗಿಡ. ಮೇಲಿನ ಎಲೆಗಳಲ್ಲಿ ಸೋಸಿ ಬಂದ ಬೆಳಕು, ತೇವದ ಗಾಳಿ, ಮಳೆ ನೀರು, ಉದುರಿದ ಎಲೆ ಕೊಳೆತು ಆದ ಹಗುರ ಮಣ್ಣು. ಆ ಮಣ್ಣಿನಲ್ಲಿ ತೇವ ಇರುತ್ತದೆ, ಆದರೆ ನೀರು ನಿಲ್ಲುವುದಿಲ್ಲ. ಗಾಜಿನ ಮನೆಯ ಮುಂದೆ ಕುಳಿತು ನಾನು ಮಾಡಿದ ಪಾಠ ನನಗೆ ಅರ್ಥವಾದದ್ದು ಈ ರೈಲಿನಲ್ಲಿ.

ಬಾವಿಕಟ್ಟೆಯ ಹಿಂದಿನ ನೆಂಟ

ಕಬಕ ಪುತ್ತೂರು ನಿಲ್ದಾಣದಲ್ಲಿ ಇಳಿದು ಮನೆ ಸೇರುವಾಗ ಮೊಮ್ಮಗಳು ಅಂಗಳದಲ್ಲೇ ನಿಂತಿದ್ದಳು. ನಮ್ಮ ಕಾಲಿಗೆ ಬೀಳುವ ಮೊದಲು ಬುಟ್ಟಿಗೆ ಕೈಹಾಕಿದಳು. ನೋಟ್‌ಬುಕ್ ತೆರೆದು ಹೋಲಿಸಿ ನೋಡಿದಳು. ನಾಲ್ಕನೆಯದು ಸರಿ. ಆರನೆಯದು ಸರಿ. ಹೊಸ ಎಲೆಗೆ ಎಂಟನೇ ನಂಬರು ಕೊಟ್ಟಳು. ಹಳೆಯ ಎಲೆಗಳ ಮಚ್ಚೆ ಕಡು ಹಸಿರಿಗೆ ತಿರುಗಿತ್ತು, ಹೊಸದರದ್ದು ಕಂದಾಗಿಯೇ ಇತ್ತು. ಅದನ್ನೂ ಬರೆದುಕೊಂಡಳು.

ಅಷ್ಟರಲ್ಲಿ ಅತ್ತಿಗೆ ಬಂದು ಗಿಡವನ್ನು ತಿರುಗಿಸಿ ನೋಡಿದರು. "ಇದೆಂತ ಮಾರಾಯ್ರೆ, ಎಲೆಯ ಬುಡ ನೋಡಿದರೆ ನಮ್ಮ ಕೂವೆಯ ಹಾಗೇ ಉಂಟಲ್ಲ!"

ಅವರು ಹೇಳಿದ್ದು ಸರಿಯೇ. ಕೂವೆ ಎಂದು ನಮ್ಮ ಕಡೆ ಕರೆಯುವ ಗಿಡದಲ್ಲಿ ಎರಡು ಬಗೆ. ಒಂದು ಅರಿಶಿನದ ಕುಲದ್ದು. ಇನ್ನೊಂದು ಬಹಳ ಹಿಂದೆ ಅಮೆರಿಕ ಖಂಡದಿಂದ ಬಂದು ನಮ್ಮ ಹಿತ್ತಿಲಲ್ಲಿ ನೆಲೆಸಿದ್ದು. ಅಂಗಡಿಯಲ್ಲಿ ಆರಾರೂಟ್ ಎನ್ನುತ್ತಾರಲ್ಲ, ಅದು. ಈ ಎರಡನೆಯ ಕೂವೆ ನಮ್ಮ ಕುಂಡದ ಗಿಡಕ್ಕೆ ಸ್ವಂತ ದಾಯಾದಿ. ಎರಡರದ್ದೂ ಒಂದೇ ಕುಲ, ಮರಾಂಟಾ. 16ನೇ ಶತಮಾನದ ಇಟಲಿಯ ವೈದ್ಯ, ಸಸ್ಯಶಾಸ್ತ್ರಜ್ಞ ಬಾರ್ತೊಲೊಮಿಯೊ ಮರಾಂಟಾ ಅವರ ನೆನಪಿಗೆ ಈ ಹೆಸರು. ಬಾಳೆ, ಶುಂಠಿ, ಏಲಕ್ಕಿ, ಕಾಬಾಳೆ ಇವಕ್ಕೆಲ್ಲ ದೂರದ ನೆಂಟರು. ಹೊಸ ಎಲೆ ಬಾಳೆಯ ಸುಳಿಯ ಹಾಗೆ ಬಂದದ್ದು ಸುಮ್ಮನೆ ಅಲ್ಲ.

ಬಾವಿಕಟ್ಟೆಯ ಹಿಂದೆ ಸೊಂಟದೆತ್ತರ ಬೆಳೆದ ಕೂವೆಯ ಸಾಲಿತ್ತು. ನನ್ನ ಅಮ್ಮ ನೆಟ್ಟ ಜಾಗ. ಗೆಡ್ಡೆ ಕಿತ್ತು, ಸಿಪ್ಪೆ ತೆಗೆದು, ತುರಿದು, ನೀರಲ್ಲಿ ಕಿವುಚಿ, ಬಟ್ಟೆಯಲ್ಲಿ ಸೋಸಿ ಇಟ್ಟರೆ ತಳದಲ್ಲಿ ಬಿಳಿ ಹಿಟ್ಟು ನಿಲ್ಲುತ್ತದೆ. ಮೇಲಿನ ನೀರು ಚೆಲ್ಲಿ, ಹೊಸ ನೀರು ಹಾಕಿ, ಹೀಗೆ ಹಲವು ಸಲ ತೊಳೆದು ಬಿಸಿಲಲ್ಲಿ ಒಣಗಿಸಬೇಕು. ಹೊಟ್ಟೆ ಕೆಟ್ಟ ದಿನ ಅಮ್ಮ ಆ ಹಿಟ್ಟಿನ ಗಂಜಿ ಮಾಡಿ, ಸ್ವಲ್ಪ ಬೆಲ್ಲ ಹಾಕಿ ಕುಡಿಸುತ್ತಿದ್ದರು. ಆ ಗಂಜಿ ಕುಡಿದು ಬೆಳೆದವನು ನಾನು.

"ಹಾಗಾದರೆ ಕೂವೆ ಸಹ ರಾತ್ರಿ ಕೈ ಮುಗೀತದಾ?" ಮೊಮ್ಮಗಳು ಕೇಳಿದಳು.

ಯಾರಲ್ಲೂ ಉತ್ತರವಿರಲಿಲ್ಲ. ಮನೆಯ ಹಿಂದೆಯೇ ಇದ್ದ ಗಿಡ! ನಾವು ಯಾರೂ ಸಂಜೆಯ ಮೇಲೆ ಅದರ ಕಡೆ ನೋಡಿರಲಿಲ್ಲ.

ದೀಪ ಹಚ್ಚಿದ ಮೇಲೆ ಎಲ್ಲರೂ ಹೊರಟೆವು. ಮುಂದೆ ಟಾರ್ಚ್ ಹಿಡಿದ ಮೊಮ್ಮಗಳು, ಹಿಂದೆ ಅತ್ತಿಗೆ, ನನ್ನಾಕೆ, ಕೊನೆಗೆ ಕುಂಡ ಹಿಡಿದ ನಾನು. ಜೀರುಂಡೆಗಳ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಟಾರ್ಚಿನ ಬೆಳಕು ಬಿದ್ದಾಗ ಕಂಡಿತು. ಹಗಲು ಅಡ್ಡಡ್ಡ ಚಾಚಿಕೊಂಡಿದ್ದ ಕೂವೆಯ ಎಲೆಗಳು ಮೇಲೆದ್ದು ನೆಟ್ಟಗೆ ನಿಂತಿದ್ದವು. ಇಡೀ ಸಾಲು.

"ನಲವತ್ತು ವರ್ಷದಿಂದ ಇದರ ಹಿಟ್ಟು ಮಾಡ್ತಾ ಇದ್ದೇನೆ" ಎಂದರು ಅತ್ತಿಗೆ ಮೆಲ್ಲಗೆ. "ಇದು ಮಲಗುವುದನ್ನು ಒಂದು ದಿನ ನೋಡಲಿಲ್ಲ."

ಮೊಮ್ಮಗಳು ಒಂದೆಲೆಯ ಬುಡ ತೋರಿಸಿದಳು. ತೊಟ್ಟು ಎಲೆಗೆ ಸೇರುವಲ್ಲಿ ಒಂದು ಚಿಕ್ಕ ಉಬ್ಬು. ಕುಂಡದ ಗಿಡಕ್ಕೂ ಅಂಥದೇ ಇದೆ. ಎಲೆಗೆ ಅದೇ ಮೊಣಕೈ. ಆ ಉಬ್ಬಿನ ಒಂದು ಬದಿಯ ಕೋಶಗಳಿಗೆ ನೀರು ತುಂಬಿ ಇನ್ನೊಂದು ಬದಿಯವು ಸಡಿಲವಾದರೆ ಎಲೆ ಏಳುತ್ತದೆ. ಬೆಳಿಗ್ಗೆ ಇದು ತಿರುಗಮುರುಗ ಆಗಿ ಎಲೆ ಇಳಿಯುತ್ತದೆ.

ಮರಳಿ ಹೊರಡುವ ದಿನ ಬಂತು. ಗಿಡವನ್ನು ಮಂಗಳೂರಿಗೆ ಒಯ್ಯಲು ಮೊಮ್ಮಗಳ ಚೀಲದ ಪಕ್ಕ ಇಟ್ಟೆ. ಅಲ್ಲಿಯ ತೇವದ ಗಾಳಿ ಅದಕ್ಕೆ ಚೆನ್ನಾಗಿ ಹಿಡಿಸುತ್ತದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, ಬುಟ್ಟಿಯನ್ನು ಎತ್ತಿ ನನ್ನ ಕೈಗೆ ಕೊಟ್ಟಳು.

"ನಿಮ್ಮ ಹತ್ರವೇ ಇರಲಿ ಅಜ್ಜ. ನಿಮಗೆ ಈಗ ಗೊತ್ತುಂಟಲ್ಲ. ದೊಡ್ಡದಾದ ಮೇಲೆ ನನಗೊಂದು ಗೆಣ್ಣು ಕೊಡಿ."

ಬೆಂಗಳೂರಿನ ಸ್ಟೂಲಿನ ಮೇಲೆ ಗಿಡ ಈಗ ಹನ್ನೊಂದನೇ ನಂಬರಿನ ಎಲೆ ಬಿಡುತ್ತಿದೆ. ಭಾನುವಾರದ ಫೋಟೋ ತಪ್ಪಿಲ್ಲ.

ನೀವೂ ಮರಾಂಟಾ ಬೆಳೆಸಬೇಕೆಂದರೆ

ಬೆಳಕು: ಕಿಟಕಿಯ ಹತ್ತಿರ, ನೇರ ಬಿಸಿಲು ಬೀಳದ ಕಡೆ ಇಡಿ. ಬಿಸಿಲು ಬಿದ್ದರೆ ಎಲೆಯ ಬಣ್ಣ ಪೇಲವವಾಗುತ್ತದೆ. ರಾತ್ರಿಯಿಡೀ ದೀಪ ಉರಿಯುವ ಜಾಗ ಬೇಡ.

ನೀರು: ಮೊದಲು ಬೆರಳಿನ ಒಂದು ಗೆರೆಯಷ್ಟು ಮಣ್ಣೊಳಗೆ ಚುಚ್ಚಿ ನೋಡಿ. ಒಣಗಿದ್ದರೆ ಮಾತ್ರ ಹಾಕಿ. ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿ. ಮಳೆ ನೀರು ಉತ್ತಮ. ಉಪ್ಪಿನಂಶದ ಕೊಳವೆಬಾವಿ ನೀರಿಗೆ ಎಲೆಯ ತುದಿ ಕಂದಾಗುತ್ತದೆ.

ಮಣ್ಣು: ತೆಂಗಿನ ನಾರಿನ ಪುಡಿ, ಎರೆಗೊಬ್ಬರ, ದಪ್ಪ ಮರಳು ಬೆರೆಸಿ. ಕುಂಡ ಚಿಕ್ಕದಿರಲಿ, ತಳಕ್ಕೆ ತೂತಿರಲಿ.

ಗಾಳಿ: ಒಣಹವೆಯ ಊರಾದರೆ ಅಗಲ ತಟ್ಟೆಯಲ್ಲಿ ಬೆಣಚುಕಲ್ಲು ಹರಡಿ, ನೀರು ಹಾಕಿ, ಅದರ ಮೇಲೆ ಕುಂಡ ಇಡಿ. ಕುಂಡದ ತಳ ನೀರಿಗೆ ತಾಗಬಾರದು. ಫ್ಯಾನಿನ ನೇರಕ್ಕೆ ಇಡಬೇಡಿ.

ಹುಳ: ಎಲೆಯ ಬುಡದಲ್ಲಿ ಹತ್ತಿಯಂಥ ಬಿಳಿ ಹಿಟ್ಟುತಿಗಣೆ ಕಂಡರೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ.

ಮನೆಯಲ್ಲಿ ಬೆಕ್ಕು, ನಾಯಿ ಇದ್ದರೆ: ಹೆದರಬೇಡಿ, ಈ ಗಿಡ ಅವಕ್ಕೆ ವಿಷವಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು: ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಗಿಡವನ್ನು ನೋಡಿ. ಎಲೆ ಇಳಿದಿದೆಯೇ, ಎದ್ದಿದೆಯೇ? ಅದು ತನ್ನ ಆರೋಗ್ಯವನ್ನು ದಿನಾ ಎರಡು ಹೊತ್ತು ತಾನೇ ಹೇಳುತ್ತದೆ. ಅಜ್ಜ, ಅಜ್ಜಿ, ಮೊಮ್ಮಕ್ಕಳು ಸೇರಿ ನೋಡಿದರೆ ಇನ್ನೂ ಒಳ್ಳೆಯದು.